ಒಂಬತ್ತು ಹಳದಿ ಕಿವಿಯೋಲೆ

ಮತ್ತೆ ಎಡಕ್ಕೇ ಕೈ ತೋರಿಸ್ತೀರಲ್ಲ ಅಕ್ಕಾ! ಎಡಕ್ಕೇ ಹೋಗಿದ್ದೆ, ಕಲ್ಲು ಕ್ವಾರಿಯ ಬಾಯಿಗೆ ಹೋಗಿ ನಿಂತೆ. ಅಲ್ಲಿಂದ ತಿರುಗಿದ್ರೆ ಪುನಃ ನಿಮ್ಮ ಗೇಟೇ. ಇದು ಮೂರನೇ ಸಲ. ನಗಬೇಡಿ... ಹಡಗಿನಲ್ಲಿ ಅಡುಗೆ ಮಾಡ್ಕೊಂಡು ಅರ್ಧ ಭೂಮಿ ಸುತ್ತಿದೋಳು ನಾನು. ಈ ಹೊಸ ರಸ್ತೆ ಬಿದ್ದು ನಾಲ್ಕು ಹೊಲದ ನಡುವೆ ಕಣ್ಣು ಕಟ್ಟಿ ಬಿಟ್ಟ ಹಾಗಾಗಿದೆ.

ಹಾಲಿನಕ್ಕ ಅಂತಿದ್ರಲ್ಲ, ಒಂಬತ್ತು ಹಸು, ನೀಲಿ ತಗಡಿನ ಕೊಟ್ಟಿಗೆ... ಅವರ ಮನೆ. ಯಾಕೆ ಹಾಗೆ ನೋಡ್ತೀರಿ? ನನ್ನ ಕೆಲಸ ಅಲ್ಲ ಅಕ್ಕಾ. ಗೆಳತಿಯೊಬ್ಬಳು ಲಕೋಟೆ ಕೊಟ್ಟಿದ್ದಾಳೆ, ತಲುಪಿಸಬೇಕು. ಅಷ್ಟೇ.

ಯಾವ ಗೆಳತಿ ಅಂತೀರಾ? ಬಾಯಿ ಕೇಳದಿದ್ರೂ ಹುಬ್ಬು ಕೇಳ್ತಿದೆ. ರೋಗದ ವರ್ಷ ಹಡಗೆಲ್ಲ ನಿಂತ್ವಲ್ಲ, ಆಗ ಬಂದು ಇಲ್ಲಿ ಜಮೀನು ಗುತ್ತಿಗೆ ಹಿಡಿದ್ಲು. ಐದು ಹಸು. ಕೊಂಬು ಯಾವುದು ಕೆಚ್ಚಲು ಯಾವುದು ಗೊತ್ತಿಲ್ಲದೋಳು! ಹಾಲು ಕರೆಯೋದು ಕಲಿಸಿದ್ದೇ ಪಕ್ಕದ ಹಾಲಿನಕ್ಕ. ಬೇಲಿಯ ಆಚೆ ಒಬ್ಬರು, ಈಚೆ ಒಬ್ಬರು, ಇಬ್ಬರಿಗೂ ಮಾಸ್ಕು. ಒಬ್ಬರ ಮುಖ ಒಬ್ಬರು ಪೂರ್ತಿ ನೋಡ್ಲೇ ಇಲ್ಲ. ಬರೀ ಕಣ್ಣು.

ಆಮೇಲೆ ಹಾಲಿನಕ್ಕನಿಗೇ ರೋಗ ಬಂತು, ಹಾಸಿಗೆ ಹಿಡಿದ್ರು. ಇವಳು... ಇದನ್ನ ಹೇಳ್ಲೇಬೇಕು, ಇವಳು ಕೆಟ್ಟೋಳಲ್ಲ... ಒಂಬತ್ತು ಹಸುವನ್ನೂ ತನ್ನ ಕೊಟ್ಟಿಗೆಗೆ ಹೊಡ್ಕೊಂಡು ಬಂದ್ಲು. ಎರಡು ಹೊತ್ತೂ ಕರೆದು ಡೈರಿಗೆ ಹಾಕಿದ್ಲು. ಹಾಲಿನ ದುಡ್ಡು ಬಿಡಿಕಾಸೂ ಮುಟ್ಟದೆ ಅವರ ಕಿಟಕಿಯಲ್ಲಿಟ್ಟು ಬರ್ತಿದ್ಲು. ಒಂದು ಕುಂಟಿ ಹಸು ಇತ್ತು, ಸಿಳ್ಳೆ ಹಾಕದಿದ್ರೆ ತೊಟ್ಟು ಹಾಲು ಕೊಡ್ತಿರಲಿಲ್ಲ! ಮಾಸ್ಕಿನೊಳಗೆ ಸಿಳ್ಳೆ ಹಾಕೋಕೆ ಹೋಗಿ ನಾನು... ಅವಳು. ಅವಳು ಅಂದೆ. ಯಾಕೆ ನಗ್ತೀರಿ? ನಗ್ಲಿಲ್ವಾ... ಸರಿ.

ಆ ವಾರವೇ ಸರ್ಕಾರದ ಪರಿಹಾರಕ್ಕೆ ಅಂತ ಗುಮಾಸ್ತ ಬಂದ. ಹಸುವಿಗೆ ಇಷ್ಟು ದುಡ್ಡು. ಕಿವಿಯ ಹಳದಿ ಓಲೆ ನೋಡೋದು, ನಂಬರ್ ಬರ್ಕೊಳ್ಳೋದು. ಐದು ಮುಗಿಸಿ ಆರನೇದರ ಕಿವಿ ಹಿಡಿದ. "ಇವೂ ನಿಮ್ಮವೇನಮ್ಮಾ?" ಅಷ್ಟೇ ಕೇಳಿದ್ದು. 'ಅಲ್ಲ' ಅನ್ನೋಕೆ ಎಷ್ಟು ಹೊತ್ತು ಬೇಕು ಹೇಳಿ? ಎರಡಕ್ಷರ. ಅವಳು ಹೂಂ ಅಂತ ತಲೆ ಆಡಿಸಿದ್ಲು. ಗುತ್ತಿಗೆ ಬಾಕಿ ಇತ್ತು, ಅದಕ್ಕೆ... ಇಲ್ಲ, ಅದು ನೆಪ. ಹಾಲು ಕರೆದ ಕೈಯಲ್ಲೇ ಕತ್ತು ಕೊಯ್ದ ಹಾಗಾಯ್ತು.

ಹಾಲಿನಕ್ಕ ಎದ್ದು ಓಡಾಡಿ, ಆಫೀಸಿಗೆ ಹೋದ್ರೆ ಒಂಬತ್ತು ನಂಬರಿಗೂ ಆಗಲೇ ದುಡ್ಡು ಸಂದಿದೆ ಅಂತು ಕಂಪ್ಯೂಟರು. ಕಳ್ಳಿ ಅಂದ್ರು. ಅವರನ್ನೇ! ಸಾಲಿನಲ್ಲಿ ನಿಲ್ಲಿಸಿ, ಎಲ್ಲರ ಮುಂದೆ. ಇವಳು ಅದೇ ಸಾಲಿನ ಕೊನೆಯಲ್ಲಿದ್ಲು ಅಕ್ಕಾ. ಮಾಸ್ಕನ್ನ ಇನ್ನಷ್ಟು ಮೇಲಕ್ಕೆ ಎಳ್ಕೊಂಡ್ಲು. ತಿಂಗಳೊಳಗೆ ಹಡಗು ಶುರುವಾಯ್ತು... ಹೊರಟೇ ಹೋದ್ಲು.

ಏನಾದ್ರೂ ಅನ್ನಿ. ಬೈಯಿರಿ ಬೇಕಾದ್ರೆ, ಅವಳಿಗೆ ಮುಟ್ಟಿಸ್ತೀನಿ. ಹಾಲಿನಕ್ಕ ಹಸುಗಳನ್ನ ಮಾರಿದ್ರಾ? ಅದಾದ್ರೂ...

ಅಬ್ಬಾ, ಏನು ಧೂಳು ಈ ಲಾರಿಯವರದ್ದು! ಹಾಂ, ಹೋಯ್ತು. ಬಾಯಿಂದ ಕೈ ತೆಗೀಬಹುದು ಈಗ. ತೆಗೀರಿ. ಯಾಕೆ ತೆಗೀತಿಲ್ಲ...

ಆ ಕಣ್ಣು.

ಅಯ್ಯೋ... ಮೊದಲ ಸಲವೇ ದನಿ ಗುರುತು ಸಿಕ್ಕಿತ್ತು ಅಲ್ವಾ? ಸಿಕ್ಕೇ ಕ್ವಾರಿ ದಾರಿ ತೋರಿಸಿದ್ರಿ. ತೋರಿಸಬೇಕಾದ್ದೇ. ಆ ಬೋಳು ಸಿಮೆಂಟು ನೆಲ... ಕೊಟ್ಟಿಗೆ ಇದ್ದಿದ್ದು ಅಲ್ಲೇನಾ? ತಗಡನ್ನೂ ಮಾರಿದ್ರಾ?

ಗೆಳತಿ ಇಲ್ಲ ಅಕ್ಕಾ. ಯಾವ ಗೆಳತಿಯೂ ಇಲ್ಲ. ಇದರಲ್ಲಿ ಒಂಬತ್ತು ಹಸುವಿನ ದುಡ್ಡಿದೆ. ಆಫೀಸಿಗೆ ಬರೆದ ಕಾಗದವೂ ಇದೆ, ನಡೆದದ್ದೆಲ್ಲ ಬರೆದು ನಾನೇ ರುಜು ಹಾಕಿದ್ದೀನಿ. ತಗೊಳ್ಳಿ... ಬೇಡ್ವಾ? ಇನ್ನೇನು... ಆ ಗುಮಾಸ್ತನ ಹಾಗೆ ಕಿವಿ ಹಿಡಿದು ತೋರಿಸ್ತೀರಿ... ಓ. ಮೊದಲು ಅದಾ? ಆವತ್ತು ಬಾಯಿಗೆ ಬರದೇ ಹೋದದ್ದು?

ಅಲ್ಲ.

ಅಲ್ಲ ಸ್ವಾಮಿ, ನನ್ನವಲ್ಲ. ಐದು ಮಾತ್ರ ನನ್ನವು. ಆರನೇದರಿಂದ ಕೊನೇ ತನಕ, ಆ ಕುಂಟಿಯೂ ಸೇರಿ, ಎಲ್ಲವೂ ಇವರವು.

ಕೈ ಚಾಚಿದ್ರಿ... ಹಿಡ್ಕೊಳ್ಳಿ ಅಕ್ಕಾ.