ನೆಟ್ಟಗಿನ ಸರಳು

ಪಾಣೆಮಂಗಳೂರಿನ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಮೊಳೆಗೆ ಕಾಯುತ್ತಿದ್ದ ಸಂಕಪ್ಪನ ಕಿವಿ, ಮುಂದೆ ನಿಂತವರ ಮಾತಿಗೆ ಅಂಟಿಕೊಂಡಿತು. ಅಳದಂಗಡಿಯ ಹೆಗ್ಡೆಯವರು ಗುರಿಸ್ಪರ್ಧೆಯ ರೈಫಲ್ಲಿನ ನಳಿಗೆಯನ್ನು ಒರೆಸುವ ಸರಳು ಕೊಳ್ಳಲು ಬಂದಿದ್ದರು. ಜೊತೆಗೊಬ್ಬ ಮುದುಕನಿದ್ದ.

“ಉಕ್ಕಿನದ್ದೇ ಗಟ್ಟಿ ಅಲ್ವಾ ರುಕ್ಮಯ್ಯ?”

“ಬೇಡ ಧಣಿ. ಅದು ನಳಿಗೆಯನ್ನೇ ತರಚ್ತದೆ. ಹಿತ್ತಾಳೆಯಾದ್ರೆ ತಾನೇ ಸವೀತದೆ. ಬರ್ಮಾ ಯುದ್ಧದಲ್ಲಿ ನನಗೆ ಇದೇ ಕೆಲಸ.”

“ಹಿತ್ತಾಳೆಯದ್ದು ಎರಡುಂಟು. ಯಾವುದಾದ್ರೂ ಆದೀತಲ್ಲ?”

ರುಕ್ಮಯ್ಯ ಒಂದೊಂದನ್ನೇ ಗಾಜಿನ ಮೇಜಿನ ಮೇಲೆ ಉರುಳಿಸಿ, ತಲೆ ಬಗ್ಗಿಸಿ ಕಿವಿಗೊಟ್ಟ.

“ಮೊದಲಿನದ್ದು ಸ್ವಲ್ಪ ಡೊಂಕುಂಟು. ನಳಿಗೆಯ ಒಳಗೆ ಒಂದೇ ಕಡೆ ಉಜ್ಜೀತು. ಮತ್ತೆ ಗುರಿ ಹಾಳು.”

“ನನಗೆ ಎರಡೂ ನೆಟ್ಟಗೇ ಕಾಣ್ತದೆ ಮಾರಾಯ!”

“ನಿಮಗೆ ಕಣ್ಣುಂಟಲ್ಲ ಧಣಿ, ಅದೇ ತೊಂದರೆ.”

ಹೆಗ್ಡೆಯವರು ನಗುತ್ತ ಎರಡನೆಯ ಸರಳನ್ನು ಕಟ್ಟಿಸಿಕೊಂಡರು. “ಮೆಟ್ಟಿಲುಂಟು, ಜಾಗ್ರತೆ” ಎನ್ನುತ್ತ ರುಕ್ಮಯ್ಯನ ಕೈಹಿಡಿದು ಬೀದಿಗಿಳಿಸಿದರು. ಮುದುಕನಿಗೆ ಎರಡೂ ಕಣ್ಣು ಕಾಣುವುದಿಲ್ಲವೆಂದು ಸಂಕಪ್ಪನಿಗೆ ಗೊತ್ತಾದದ್ದೇ ಆಗ.

ಅವರು ಮರೆಯಾದ ಮೇಲೆ, ಬಿಟ್ಟುಹೋದ ಸರಳನ್ನು ಅವನೂ ಮೇಜಿನ ಮೇಲೆ ಉರುಳಿಸಿ ನೋಡಿದ. ಏನೂ ತಿಳಿಯಲಿಲ್ಲ. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಉರುಳಿಸಿದ.

ಟಕ್, ಟಕ್, ಟಕ್ ಎಂದಿತು.