ಮೇಜರ್ ಸಾಹೇಬ್ರನ್ನ ಗುಡ್ಡ ಇಳಿಸಿದ್ದು

ಅಲ್ಲವ್ವಾ, ನಾ ಅಳಲಿಲ್ಲಂದ್ರ ಅದೇನು ಗಟ್ಟಿತನ ಅಲ್ಲ, ಅಳಾಕೂ ತ್ರಾಣ ಇರ್ಲಿಲ್ಲ ಅಷ್ಟ. ನಮ್ಮೂರು ಮಾಧವರಂನಾಗ ಹೊಳಿ ಬಂದು ನಮ್ಮ ಮನಿ ಹೊಕ್ತು, ಕುರಿ ಹಟ್ಟಿನೂ ಹೊಕ್ತು. ನಾನೂ ನಿಮ್ಮ ತಾತನೂ ಮಾಳಗಿ ಹತ್ತಿ ಕುಂತು ನೋಡಾಕತ್ತೀವಿ, ಒಂದೊಂದ ಕುರಿ ಒದರಿಕೋಂತ ತೇಲಿ ಹೋಗಾಕತ್ತಾವ. ನನ್ನ ಕೈಲೆ ಹಾಲು ಕುಡಿಸಿದ ಮರಿನೂ ಅದ್ರಾಗ. ಆಮ್ಯಾಲ ಆದೋನಿಗೆ ಬಂದು ಒಂದು ಸಾಲಿಯಾಗ ಇಳ್ಕೊಂಡ್ವಿ, ನಮ್ಮಂಥೋರು ಭಾಳ ಮಂದಿ ಇದ್ರು. ತಾತ ಹತ್ತಿ ಮಾರ್ಕೆಟ್ಟಿನಾಗ ಅಂಡಿಗಿ ಹೊರಾಕ ಹೋಗಾಂವ. ನಾ ಗ್ವಾಡಿಗಿ ಆನಿಕೊಂಡು ಕುಂತೆ ಅಂದ್ರ ಕುಂತೆ. ಕೊಟ್ಟ ಊಟನೂ ಮುಟ್ಟಲಿಲ್ಲ.

ಅಲ್ಲಿಗೆ ದಿನಾ ಒಬ್ರು ಮುದುಕ್ರು ಬರೋರು. ಮುದುಕ್ರು ಅಂದ್ರ ನಿಮ್ಮಪ್ಪನಂಗ ಹೊಟ್ಟಿ ಬಿಟ್ಟೋರಲ್ಲ ಮತ್ತ, ಗಳದಂಗ ನೆಟ್ಟಗ. ಆದೋನಿಯವ್ರೇ, ಮಿಲಿಟ್ರಿಯಾಗ ಮೇಜರ್ ಆಗಿ ರಿಟೈರ್ ಆಗಿದ್ರು. ನಮಗೆಲ್ಲ ಉಪ್ಪಿಟ್ಟು ಬಡಿಸೋರು, ಆಮ್ಯಾಲ ತಾವೇ ಕುಂತು ಬೋಗಾಣಿ ತಿಕ್ಕೋರು. ಮಂದಿ ನಗೋರು, ಅವ್ರಿಗೆ ಅದರ ಖಬರೇ ಇಲ್ಲ. ಒಂದಿನ ನನ್ನ ಮುಂದ ಬಂದು ಕುಂತ್ರು. "ಏಮಮ್ಮಾ, ಊಟ ಹಂಗೇ ಐತೆಲ್ಲ. ನಿನಗ ಏನು ಕೆಲಸ ಬರ್ತೈತಿ?"

"ಕುರಿ ಕಾಯಾಕ ಬರ್ತೈತ್ರಿ. ಕುರಿನೇ ಇಲ್ಲ."

"ಗುಡ್ಡ ಹತ್ತಾಕ ಬರ್ತೈತಿ ಅಂದಂಗಾತು. ನಾಳೆ ಬಾ. ಸೀತಾಫಲದ ಬೀಜ ಊರೂದೈತಿ."

ತಾತ ಹೋಗು ಅಂದ, ಹೋದೆ. ಮೇಜರ್ ಸಾಹೇಬ್ರು ವಾರಕ್ಕ ಎರಡು ಸಲ, ಅಲ್ಲ, ಮೂರು ಸಲ ಕಾಲೇಜ್ ಹುಡುಗ್ರನ್ನ ಕರಕೊಂಡು ಗುಡ್ಡಕ್ಕ ಹೋಗೋರು. ಜೇಬಿನಾಗ ಶೇಂಗಾ ಬೆಲ್ಲ ಇರ್ಲಿಕ್ಕೇ ಬೇಕು. ಬೀಜ ಎಲ್ಲಿ ಊರತಿದ್ರು ಅಂತೀರಿ, ಬರೇ ಬಂಡಿಗಲ್ಲಿನ ಮ್ಯಾಲ, ನೀರು ನಿಲ್ಲಲಾರದಲ್ಲಿ! ನಾ ಸುಮ್ನಿರಲಾರದ, "ಸಾಹೇಬ್ರ, ಅಲ್ಲಲ್ಲರಿ, ಬಂಡಿ ನೆರಳು ಬೀಳ್ತೈತಲ್ಲ, ಅಲ್ಲಿ ಊರ್ರಿ" ಅಂದೆ. ಅವ್ರು ಊರಿದ್ದೆಲ್ಲ ಕಿತ್ತು ನಾ ಹೇಳಿದಲ್ಲೇ ಊರಿದ್ರು. ನನಗ ನಾಚಿಕಿ ಬಂತು. ಅವತ್ತು ರಾತ್ರಿ ಊಟ ಮಾಡಿದೆ.

ಹಿಂಗ ಒಂದಿನ ಬಿಸಿಲು ಭಾಳಾಂತ ಉಳಿದೋರು ಯಾರೂ ಬರ್ಲಿಲ್ಲ. ನಾವಿಬ್ರೇ ಹೋದ್ವಿ. ಮ್ಯಾಲ ಒಂದು ಕಲ್ಲು ಜಾರಿ ಅವರ ಕಾಲು ಸಂದಿಯಾಗ ಸಿಗಬಿತ್ತು. ಎಡಗಾಲು. ಹ್ಞಾಂ, ಎಡಗಾಲೇ. ಎಲುಬು ಮುರಿದ ಸಪ್ಪಳ ನನಗೂ ಕೇಳಿಸ್ತು. ಕಲ್ಲು ಸರಿಸಿ ಕಾಲು ಬಿಡಿಸಿದೆ. ಫೋನಿಗೆ ಸಿಗ್ನಲ್ ಇಲ್ಲ. ತಂದ ನೀರು ಮುಗಿದೈತಿ. ಅವ್ರು ಹಲ್ಲು ಕಚ್ಚಿಕೊಂಡೇ ಹೇಳಿದ್ರು, ಎರಡು ಕಟಗಿ ತಾ, ಟವೆಲ್ ಹರಿ, ಹಿಂಗ ಕಟ್ಟು ಅಂತ. ಕಟ್ಟಿದೆ.

"ಪರ್ವಾಲೇದು, ಏನಾಗಂಗಿಲ್ಲ, ನಾ ಇಲ್ಲೇ ಇರ್ತೀನಿ, ನೀ ಕೆಳಗಿಳಿದು ಯಾರನ್ನರ ಕರಕೊಂಡು ಬಾ" ಅಂದ್ರು.

ಮಾರಿ ನೋಡಿದೆ, ಬಿಳಚಿಕೊಂಡೈತಿ. ನಾ ಹೋಗಿ ಬರೂದ್ರಾಗ ಬಿಸಿಲು ಈ ಮನಷ್ಯಾನ್ನ ಉಳಿಸಂಗಿಲ್ಲ ಅನ್ನಿಸ್ತು. ಸುತ್ತ ನೋಡ್ತೀನಿ, ನೆಲದ ಮ್ಯಾಲ ಕುರಿ ಹಿಕ್ಕಿ ಬಿದ್ದಾವ, ಇನ್ನೂ ಹಸಿ ಅದಾವ. ಹಸಿ ಹಿಕ್ಕಿ ಅಂದ್ರ ಕುರಿ ಈಗ ಹಾದು ಹೋಗ್ಯಾವ. ನಡು ಮಧ್ಯಾಹ್ನ ಕುರಿ ಎಲ್ಲಿಗೆ ಹೋಗ್ತಾವ? ನೀರಿಗೆ. ಅವರ ಕೈ ನನ್ನ ಹೆಗಲ ಮ್ಯಾಲ ಹಾಕ್ಕೊಂಡೆ. ಅವ್ರು ಬ್ಯಾಡ ಬ್ಯಾಡ ಅನ್ನಾಕತ್ರು. "ಸುಮ್ನ ನಡೀರಿ ಸಾಹೇಬ್ರ, ಗುಡ್ಡದಾಗ ನಾನೇ ಮೇಜರ್" ಅಂದೆ. ಅಂದಮ್ಯಾಲ ಹೆದರಿಕಿ ಆತು, ಸಿಟ್ಟು ಮಾಡ್ತಾರೇನೋ ಅಂತ. ಅವ್ರು ನಕ್ಕು, "ಎಸ್ ಸಾರ್" ಅಂದ್ರು ನೋಡು.

ಹತ್ತು ಹೆಜ್ಜಿ ನಡಿಯೋದು, ಕುಂಡ್ರೋದು. ಮತ್ತ ಹತ್ತು ಹೆಜ್ಜಿ. ಎರಡು ಸಲ ಅವರ ಕಣ್ಣು ಮುಚ್ಚಿದ್ವು. ನಾ ಬಾಯಿಗೆ ಬಂದದ್ದು ಮಾತಾಡಿದೆ, ತೇಲಿ ಹೋದ ಒಂದೊಂದ ಕುರಿ ಸುದ್ದಿ ಹೇಳಿದೆ, ಬಣ್ಣ ಹೇಳಿದೆ, ಅಲ್ಲೇ ಅತ್ತೆ. ಅವತ್ತೇ ಮೊದಲ ಅತ್ತದ್ದು. ಹಿಕ್ಕಿ ಹಿಡಕೊಂಡು ಹೋಗಿ ನೋಡಿದ್ರ, ಬಂಡಿ ನಡುವ ನೀರು ನಿಂತ ದೊಣಿ, ಅಂದ್ರ ಕಲ್ಲಿನ ಹೊಂಡ, ಅದರ ದಂಡಿಗೆ ಕುರಿ, ಕುರಿ ಹಿಂದ ಇಬ್ರು ಕುರುಬ್ರು. ಅವ್ರು ಸಾಹೇಬ್ರಿಗೆ ನೀರು ಕುಡಿಸಿ, ಕಂಬಳಿಯಾಗ ಹೊತ್ತು ಕೆಳಗಿಳಿಸಿದ್ರು.

ಕಾಲಿಗೆ ಪಟ್ಟಿ ಬಿತ್ತು, ಮೂರು ತಿಂಗಳು ನಡಿಯಂಗಿಲ್ಲ ಅಂದ್ರು ಡಾಕ್ಟ್ರು. ಮೊದಲ ಆಯಿತವಾರನೇ ಗುಡ್ಡದ ಬುಡಕ ಕುರ್ಚಿ ಹಾಕಿಸಿ ಕುಂತ್ರು, ಸುತ್ತ ಕಾಲೇಜ್ ಹುಡುಗ್ರು. "ಇವತ್ತಿನಿಂದ ಈ ಅಮ್ಮ ಹೇಳಿದಂಗ. ನನ್ನ ಈಕಿನೇ ಇಳಿಸಿದ್ದು" ಅಂದ್ರು, ಎಲ್ಲಾರ ಮುಂದ. ನನಗ ಅಕ್ಷರ ಬರಂಗಿಲ್ಲರಿ ಅಂದ್ರ, "ಗುಡ್ಡಕ್ಕೂ ಬರಂಗಿಲ್ಲ, ನಡಿ" ಅಂದ್ರು. ಏಳು ವರ್ಷ ಹುಡುಗ್ರನ್ನ ಕರಕೊಂಡು ಹೋದೆ, ನನ್ನ ಮಂಡಿ ಬ್ಯಾಡ ಅನ್ನೂತನ. ಸಾಹೇಬ್ರು ಈಗಿಲ್ಲ, ಹಾಸಿಗಿ ಹಿಡೀಲಿಲ್ಲ, ಆರಾಮಾಗಿ ಹೋದ್ರು.

ಯಾರಿಗರ ಸಾಯ ಮಾಡಾಕ ಹೋದ್ರ, ಅವರ ಕೈಲೆ ಸಾಯ ಮಾಡಿಸ್ಕೊಳ್ಳಾಕೂ ನಾಚಬ್ಯಾಡ್ರಿ. ಆ ದೊಡ್ಡ ಮನಷ್ಯಾ ನನ್ನ ಹೆಗಲ ಮ್ಯಾಲ ಭಾರ ಹಾಕಿದ್ದಕ್ಕ ನಾ ಎದ್ದು ನಿಂತೆ. ಆತು, ಏಳ್ರಿ ಈಗ, ರೊಟ್ಟಿ ಆರತಾವ.