ಹೊನ್ನಯ್ಯನ ತೂತಿನ ಕುಂಡ

ಸಭೆಗೆ ಬಂದಿರುವ ಹಿರಿಯರಿಗೆ, ನಮ್ಮ ಕುಂಬಾರರ ಸಂಘದ ಕಾರ್ಯದರ್ಶಿ ಗಂಗಾಧರಪ್ಪನವರಿಗೆ, ಭದ್ರಾವತಿಯಿಂದ ರೈಲು ಹಿಡಿದು ಬಂದಿರುವ ಅಕ್ಕತಂಗಿಯರಿಗೆ, ಮಲವಗೊಪ್ಪದ ನಮ್ಮ ಕೇರಿಯವರಿಗೆ — ಮತ್ತು ಈ ಮುಂದಿನ ಚಾಪೆಯಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡಿರುವ, ನಮ್ಮ ಹೊನ್ನಯ್ಯನ ಹೆಂಡತಿ ತಂಗಿ ಶಾಂತಮ್ಮನಿಗೆ — ಈ ಸಿದ್ದಯ್ಯನ ನಮಸ್ಕಾರ.

ಕೆಟ್ಟ ಕನಸನ್ನು ಸಭೆಯಲ್ಲಿ ಹೇಳಬಾರದು ಅಂತಾರೆ. ಆದರೆ ಹೇಳದೆ ಇದ್ದರೆ ನನಗೆ ಮುಂದಿನ ಮಾತೇ ಹೊರಡುವುದಿಲ್ಲ. ಮೊನ್ನೆ ಬಿದ್ದ ಕನಸು. ಶಿವಮೊಗ್ಗದ ಸ್ಟೇಷನ್ನು. ರೈಲು ಹೊರಟುಬಿಟ್ಟಿದೆ. ನಮ್ಮ ಹೊನ್ನಯ್ಯ ಬಾಗಿಲಲ್ಲಿ ನಿಂತು ಎರಡೂ ಕೈ ಚಾಚಿದ್ದಾನೆ — ಹೀಗೆ. "ಬುಟ್ಟಿ ಕೊಡು ಮಾರಾಯ, ಕೊಡು!" ಅಂತ ಕೂಗ್ತಾನೆ. ನಾನು ಎತ್ತುತ್ತೇನೆ, ಬುಟ್ಟಿ ಏಳುವುದಿಲ್ಲ. ಬಗ್ಗಿ ನೋಡಿದರೆ ಬುಟ್ಟಿ ಖಾಲಿ. ಖಾಲಿ ಬುಟ್ಟಿ ಎತ್ತಲಾಗುತ್ತಿಲ್ಲ! ಬೆವೆತು ಎದ್ದು ಕೂತೆ. "ಏನಾಯ್ತು?" ಅಂದಳು ನನ್ನ ಹೆಂಡತಿ ಹುಚ್ಚಮ್ಮ. "ಹೊನ್ನಯ್ಯನಿಗೆ ಬುಟ್ಟಿ ಎತ್ತಿಕೊಡಬೇಕಿತ್ತು" ಅಂದೆ. ಅವಳು ನನ್ನ ಬೆನ್ನ ಮೇಲೆ ಕೈ ಇಟ್ಟಳು. ಆಗ ನೆನಪಾಯಿತು — ಅವನ ತಿಥಿಯೂ ಮುಗಿದಿತ್ತು.

ನಾನು ಮೂರನೇ ಕ್ಲಾಸು ಪೂರ್ತಿ ಮಾಡದವನು. ಮಾತು ಹಿಂದುಮುಂದಾದರೆ ತಾವು ಸರಿಮಾಡಿಕೊಂಡು ಕೇಳಬೇಕು.

ನನ್ನ ಸ್ವಭಾವ ನಿಮಗೆಲ್ಲ ಗೊತ್ತು. ಗಡಿಗೆ ಸುಡುವ ಆವಿಗೆಗೆ ಬೆಂಕಿ ಹಾಕಿದ ದಿನ ಮಳೆ ಬರುತ್ತದೇನೋ ಅಂತ ಹೆದರುತ್ತೇನೆ. ಮಳೆ ಬರದಿದ್ದರೆ ಗಾಳಿ ಬರುತ್ತದೇನೋ ಅಂತ ಹೆದರುತ್ತೇನೆ. ಎರಡೂ ಬರದಿದ್ದರೆ, ಇದೇನು ಎರಡೂ ಬರಲಿಲ್ಲವಲ್ಲ ಅಂತ ಹೆದರುತ್ತೇನೆ. ಹೊನ್ನಯ್ಯ ನಗುತ್ತಿದ್ದ. "ಸಿದ್ದಣ್ಣ, ಚಿಂತೆ ಮಾಡೋ ಕೆಲ್ಸ ನಿಂದು, ಮಾರೋ ಕೆಲ್ಸ ನಂದು. ಇಬ್ರೂ ಚಿಂತೆ ಮಾಡ್ತಾ ಕೂತ್ರೆ ಹೊಟ್ಟೆಗೇನು ಮಣ್ಣು ತಿನ್ನೋದಾ?" ಅವನು ತಿಗರಿ ತಿರುಗಿಸಿ ಗಡಿಗೆ ಮಾಡುತ್ತಿದ್ದ, ನಾನು ಸುಡುತ್ತಿದ್ದೆ. ಸುಟ್ಟದ್ದನ್ನು ಅವನು ಹೊತ್ತುಕೊಂಡು ಹೋಗಿ ಮಾರುತ್ತಿದ್ದ. ಹೀಗೆ ಸಾಗಿತ್ತು ನಮ್ಮಿಬ್ಬರ ಪಾಲುದಾರಿಕೆ.

ಅಲ್ಯುಮಿನಿಯಂ ಪಾತ್ರೆ ಬಂದ ಕಾಲ ನೆನಪು ಮಾಡಿಕೊಳ್ಳಿ. ಶಿವಮೊಗ್ಗದ ಸಂತೆಯಲ್ಲಿ ಬೆಳಗಿನಿಂದ ಕೂತರೂ ಜನ ನಮ್ಮ ಗಡಿಗೆಯನ್ನು ದಾಟಿಕೊಂಡು ಆ ಹೊಳೆಯುವ ಪಾತ್ರೆಯ ಕಡೆ ಹೋಗುತ್ತಿದ್ದರು. ನಾನು ಕೂಲಿಗೆ ಹೋಗೋಣ ಅಂದೆ. ಹೊನ್ನಯ್ಯ ಬುಟ್ಟಿ ಹೊತ್ತು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿಗೆ ಹೋದ. ಅಲ್ಲಿ ಒಬ್ಬ ತಮಿಳು ಅಮ್ಮ ಇವನ ಗಡಿಗೆಯೊಳಗೆ ಕೈ ಹಾಕಲು ಹೋಗಿ, ಬಳೆ ಸಿಕ್ಕಿಕೊಂಡು ಬೈದರಂತೆ: "ಏನಪ್ಪಾ ಇದು, ಉನ್ ಚಟ್ಟಿ ತೊಳೆಯೋಕೆ ನಾನು ಕೈ ಕುಯ್ಕೊಳ್ಳಲಾ?" ಬೇರೆಯವರಾದರೆ ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದರು. ಇವನು, "ಅಮ್ಮಾ, ಒಂದು ಹಳೇ ಬಳೆ ಕೊಡಿ" ಅಂತ ಕೇಳಿ ತಂದ! ಆ ಬಳೆಯನ್ನು ತಿಗರಿಯ ಪಕ್ಕ ಇಟ್ಟುಕೊಂಡು, ಬಳೆ ತೊಟ್ಟ ಕೈ ಸಲೀಸಾಗಿ ಹೋಗಿಬರುವಷ್ಟು ಬಾಯಿ ಅಗಲ ಮಾಡಿದ. ಮುಂದಿನ ಸಲ ಬುಟ್ಟಿ ಖಾಲಿಯಾಗಿ ಬಂತು. ಆ ಅಮ್ಮನೂ ಇವತ್ತು ಬಂದಿದ್ದಾರೆ. ಅಗೋ, ಅಲ್ಲಿ ಕಂಬದ ಹತ್ತಿರ ಅಳುತ್ತಿದ್ದಾರೆ.

ಆಮೇಲೆ ಬಂತು ಹೂಕುಂಡ.

ಅದೇ ಭದ್ರಾವತಿಯಲ್ಲಿ, ಕಾರ್ಖಾನೆ ಸಾಹೇಬರ ಬಂಗಲೆಯಲ್ಲಿ ಕ್ರೋಟನ್ ಗಿಡಗಳನ್ನು ಸೀಮೆಎಣ್ಣೆ ಡಬ್ಬದಲ್ಲಿ ನೆಟ್ಟಿದ್ದರು. ಡಬ್ಬ ತುಕ್ಕು ಹಿಡಿದು ಉದುರುತ್ತಿತ್ತು. ಹೊನ್ನಯ್ಯ ಮಣ್ಣಿನ ಕುಂಡ ಕೊಟ್ಟ. ಬೇರು ಕೊಳೆತು ಗಿಡ ಸತ್ತಿತು. "ತಳದಲ್ಲಿ ತೂತು ಎಲ್ಲಯ್ಯಾ? ನೀರು ಇಳಿಯೋದು ಬೇಡವಾ?" ಅಂತ ಮಾಲಿ ಕೇಳಿದನಂತೆ.

ತೂತು! — ಆ ಮಾತು ಕೇರಿಗೆ ಬಂದ ದಿನ ಇಲ್ಲಿರುವ ಎಲ್ಲರಿಗೂ ನೆನಪಿದೆ. ನಮ್ಮ ಹಿರಿಯರಾದ ಹೂವಪ್ಪಜ್ಜ ಎದ್ದು ನಿಂತು ಹೇಳಿದರು. "ಲೋ, ತೂತಿನ ಗಡಿಗೆ ಅಂತ ಇರೋದು ಒಂದೇ. ಅದನ್ನ ಹೆಗಲ ಮೇಲೆ ಹೊತ್ತು ಚಿತೆ ಸುತ್ತುತ್ತಾರೆ. ಕುಂಬಾರ ಆದೋನು ತನ್ನ ಕೈಯಾರೆ ಹಸಿ ಮಣ್ಣಿಗೆ ತೂತು ಹಾಕ್ತಾನೇನೋ?" ಅಜ್ಜನ ಮಾತು ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಅಪ್ಪಂದಿರು ಹೇಳಿಕೊಟ್ಟದ್ದೂ ಅದನ್ನೇ. ಯಾರ ಬೆರಳೂ ಮುಂದೆ ಬರಲಿಲ್ಲ. ನನ್ನದಂತೂ ಇಲ್ಲವೇ ಇಲ್ಲ. ಹೊನ್ನಯ್ಯನೂ ಕುಂಡ ಮಾಡಿ ಮುಂದಿಟ್ಟುಕೊಂಡು ಕೂತಿದ್ದ. ಆಗ ಒಳಗಿಂದ ಶಾಂತಮ್ಮ ಬಂದಳು. "ನೀವು ತಿಗರಿ ತಿರುಗಿಸಿ, ತೂತು ನಾನು ಹಾಕ್ತೀನಿ. ಮೂಗು ಚುಚ್ಚಿದ್ರೆ ಮಗು ಸಾಯುತ್ತಾ?" ಅಂದಳು. ಅಂದವಳೇ ಬೆರಳು ಒತ್ತಿದಳು.

ಆಮೇಲೆ ಆದದ್ದು ನಿಮ್ಮ ಕಣ್ಣ ಮುಂದೆಯೇ ಇದೆ. ಬಂಗಲೆಯಿಂದ ಬಂಗಲೆಗೆ, ಅಲ್ಲಿಂದ ಇತ್ತ ಶಿವಮೊಗ್ಗದ ಕಾಲೇಜಿಗೆ, ಆಸ್ಪತ್ರೆಯ ಅಂಗಳಕ್ಕೆ. ಕುಂಡ ಬೇಕು, ಕುಂಡ ಬೇಕು. ನಿಂತಿದ್ದ ತಿಗರಿಗಳು ತಿರುಗಿದವು. ಕೂಲಿಗೆ ಹೋಗಿದ್ದವರು ವಾಪಸ್ಸು ಬಂದರು. ಗಂಗಾಧರಪ್ಪನವರು ಸಂಘ ಕಟ್ಟಿಸಿಕೊಟ್ಟರು. ತೂತು ಹಾಕುವ ಕೆಲಸ ಮಾತ್ರ ಯಾರೂ ಕೇಳಲಿಲ್ಲ. ಇಡೀ ಕೇರಿಯ ಕುಂಡಗಳಿಗೆ ಶಾಂತಮ್ಮನದೇ ಬೆರಳು. ಎಲ್ಲರೂ ಹಸಿ ಕುಂಡ ತಂದು ಅವಳ ಜಗಲಿಯ ಮೇಲಿಟ್ಟು, ಆ ಕಡೆ ತಿರುಗಿ ಬೀಡಿ ಹಚ್ಚುತ್ತಿದ್ದೆವು.

ಈಗ ಹೊನ್ನಯ್ಯ ಇಲ್ಲ.

ಈ ಮಳೆಗಾಲದಲ್ಲಿ ಅವನಿಗೆ ಸುಸ್ತು ಶುರುವಾಯಿತು. ಹೇಳಲಿಲ್ಲ. ಬುಟ್ಟಿ ಹೊರುವುದನ್ನು ಬಿಡಲಿಲ್ಲ. ಶಿವಮೊಗ್ಗದಲ್ಲಿ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, "ಕಾಮಾಲೆ, ತುಂಬಾ ತಡ ಮಾಡಿದ್ದೀರಿ" ಅಂದರು. ಪಕ್ಕದಲ್ಲಿ ನಿಂತಿದ್ದವನು ನಾನು. ಕಾಮಾಲೆ ಅಂದರು — ಬೇರೇನೂ ಅನ್ನಲಿಲ್ಲ.

ಅವನು ಹೋದ ದಿನ ಚಿತೆ ಸುತ್ತಲು ಗಡಿಗೆ ಬೇಕಾಯಿತು. ಬೇರೆ ಕಡೆಯಿಂದ ತರುವುದೇ? ಅವನೇ ತಿರುಗಿಸಿ ನಾನು ಸುಟ್ಟ ಗಡಿಗೆಗಳ ಸಾಲಿನಿಂದ ಒಂದನ್ನು ತೆಗೆದೆ. ತೆಗೆದು — ಹಾಳು ಅಭ್ಯಾಸ ನೋಡಿ — ಬೆರಳು ಮಡಚಿ ಬಡಿದುಬಿಟ್ಟೆ, ಗಿರಾಕಿಗೆ ತೋರಿಸುವ ಹಾಗೆ. ಟಣ್ ಅಂತು. ಕಂಚಿನ ಹಾಗೆ ಅಂತು. ನಮ್ಮಲ್ಲಿ ಆ ಗಡಿಗೆಯನ್ನು ಯಾರೂ ಬಡಿದು ನೋಡುವುದಿಲ್ಲ. ಬಾಗಿಲಲ್ಲಿ ನಿಂತಿದ್ದ ಹೂವಪ್ಪಜ್ಜ, "ಬಡೀಬಾರ್ದೋ ಸಿದ್ದಾ, ಅದನ್ನ ಬಡೀಬಾರ್ದೋ..." ಅಂತ ಅಲ್ಲೇ ಕುಸಿದರು. ಅಷ್ಟು ಒಳ್ಳೆಯ ಗಡಿಗೆ. ಅಷ್ಟು ಒಳ್ಳೆಯ ಕೈ.

ಕ್ಷಮಿಸಿ... ನೀರು ಬೇಡ. ಹೇಳಿಬಿಡುತ್ತೇನೆ.

ಅಂದಿನಿಂದ ಬಾವಿಕಟ್ಟೆಯಲ್ಲಿ ಒಂದು ಮಾತು ಓಡಾಡುತ್ತಿದೆ. ಗಂಡ ಮಾಡಿದ್ದಕ್ಕೆ ಹೆಂಡತಿ ತೂತು ಹಾಕಿದಳು, ಅವನ ಆಯುಸ್ಸು ಸೋರಿಹೋಯಿತು — ಅಂತ. ಯಾರು ಅಂದರೆಂದು ನಾನು ಕೇಳುವುದಿಲ್ಲ. ಆದರೆ ಕೇರಿಯಲ್ಲಿ ಕುಂಡ ಮಾಡುವುದು ನಿಂತಿದೆ. ಶಾಂತಮ್ಮ ತಿಗರಿ ಇರುವ ಕೋಣೆಗೆ ಕಾಲಿಟ್ಟಿಲ್ಲ. ಮೊನ್ನೆ ನಾನು ಹೋದಾಗ ಅವಳು ತನ್ನ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. "ಸಿದ್ದಣ್ಣ, ನಿಜ ಹೇಳು. ನನ್ನಿಂದಲೇ ಹೋದ್ರಾ ಅವರು?" ಅಂದಳು. ಇಂಥ ಮಾತಿಗೆ ಅಡುಗೆಮನೆಯ ಬಾಗಿಲಲ್ಲಿ ಉತ್ತರ ಕೊಟ್ಟರೆ ಸಾಲದು ಅನ್ನಿಸಿತು. ನಾಲ್ಕು ಜನರ ನಡುವೆ ಕೊಡಬೇಕು.

ತಂಗಿ ಶಾಂತಮ್ಮ, ತಲೆ ಎತ್ತಿ ಕೇಳು. ಅಜ್ಜ, ನೀವೂ ಕೇಳಿ.

ಸುಡುಗಾಡಿಗೆ ನಾನು ಹೊತ್ತುಕೊಂಡು ಹೋದದ್ದು ತೂತಿನ ಗಡಿಗೆಯಲ್ಲ. ತೂತಿಲ್ಲದ ಗಡಿಗೆ. ಇಡೀ ಗಡಿಗೆ. ಹೊನ್ನಯ್ಯನ ತಮ್ಮ ಅದನ್ನು ಹೆಗಲಿಗೇರಿಸಿದ ಮೇಲೆ, ಕುಡುಗೋಲಿನ ತುದಿಯಿಂದ ಅಲ್ಲಿ ತೂತು ಹಾಕಿದರು. ನಾವು ಕುಂಬಾರರು ಸಾವಿನ ಮನೆಗೆ ತಲೆತಲಾಂತರದಿಂದ ಕೊಟ್ಟದ್ದು ಇಡೀ ಗಡಿಗೆಯನ್ನೇ. ಹಾಗಂತ ಇಡೀ ಗಡಿಗೆ ಮಾಡುವುದನ್ನು ಯಾರಾದರೂ ಬಿಟ್ಟೆವಾ? ಅದರಲ್ಲೇ ನೀರು ಕುಡಿದೆವು, ಅದರಲ್ಲೇ ಅನ್ನ ಬೇಯಿಸಿದೆವು. ಇನ್ನು ಈ ಹೆಣ್ಣುಮಗಳು ಬೆರಳು ಒತ್ತಿದ ಕುಂಡ ಎಲ್ಲಿಗೆ ಹೋಯಿತು? ಗಿಡಕ್ಕೆ ಹೋಯಿತು. ಹೋಗಿ ನೋಡಿಕೊಂಡು ಬನ್ನಿ ಭದ್ರಾವತಿಗೆ — ಎಷ್ಟು ಚಿಗುರಿವೆ! ತೂತಿಲ್ಲದ ಕುಂಡದಲ್ಲಿ ಸಾಯುತ್ತಿದ್ದ ಗಿಡ ಇವಳ ಕುಂಡದಲ್ಲಿ ಬದುಕಿದೆ.

ನಿನ್ನಿಂದ ಹೋಗಲಿಲ್ಲಮ್ಮ. ನಿನ್ನಿಂದ ನಾವೆಲ್ಲ ಉಂಡೆವು.

ನನಗೆ ಹೆದರಿಕೆ ಹೋಗಿದೆ ಅಂತ ತಿಳಿಯಬೇಡಿ. ಹುಚ್ಚಮ್ಮ ಅಲ್ಲಿಂದ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾಳೆ, ತಾಳಿ ಹಿಡಿದುಕೊಂಡು. ಆದರೂ ಹೇಳುತ್ತೇನೆ. ಬಂಗಲೆಗಳಿಗೆ ಒಪ್ಪಿಕೊಂಡ ಕುಂಡಗಳು ಹಾಗೇ ನಿಂತಿವೆ. ನಾಳೆ ಬೆಳಿಗ್ಗೆ ನಾನು ಹೊನ್ನಯ್ಯನ ತಿಗರಿಯ ಮುಂದೆ ಕೂರುತ್ತೇನೆ. ತೂತು ನನ್ನ ಬೆರಳಲ್ಲೇ ಹಾಕುತ್ತೇನೆ. ಶಾಂತಮ್ಮನಿಗೆ ಮನಸ್ಸಾದ ದಿನ ಬರಲಿ. ನೀವೂ ಬನ್ನಿ. ಆ ಕಡೆ ತಿರುಗಿಕೊಳ್ಳದೆ, ಈ ಕಡೆ ನೋಡಿಕೊಂಡು ಕೆಲಸ ಮಾಡೋಣ. ಅಪಶಕುನವೇ ಆದರೆ ಎಲ್ಲರಿಗೂ ಸಮನಾಗಿ ಬರಲಿ. ಒಂದು ಹೆಣ್ಣಿನ ತಲೆಗೆ ಬೇಡ.

ಇನ್ನು ತಾವೆಲ್ಲ ಎದ್ದು ನಿಲ್ಲಬೇಕು. ಅಜ್ಜನಿಗೆ ಯಾರಾದರೂ ಕೈಕೊಡಿ. ಎರಡು ನಿಮಿಷ ಮಾತು ಬೇಡ. ನಮ್ಮ ಹೊನ್ನಯ್ಯನನ್ನು ಮನಸ್ಸಿನಲ್ಲಿ ಕರೆದು, ಹೋಗಿ ಬಾರಪ್ಪ ಅಂತ ಕಳಿಸಿಕೊಡೋಣ.

ಗಂಗಾಧರಪ್ಪನವರೇ, ಮೌನ ಮುಗಿದ ಮೇಲೆ ತಾವು ಹಾಗೇ ಹೊರಟುಬಿಡಬೇಡಿ. ತೂತು ಹೆಬ್ಬೆರಳಿನಷ್ಟು ಬೇಕೋ ಕಿರುಬೆರಳಿನಷ್ಟು ಸಾಕೋ — ಭದ್ರಾವತಿಯ ಆ ಮಾಲಿಯನ್ನು ಇನ್ನೊಂದು ಸಲ ಕೇಳಿ ಹೇಳಿ. ನಾನು ಒಂದು ದಿನವೂ ತಿರುಗಿ ನೋಡಿದವನಲ್ಲ, ನನಗೆ ಗೊತ್ತಿಲ್ಲ.